ಸ್ಕಾಟ್ಲೆಂಡಿನ ಸೀಮೆನುಡಿಯೂ ಕಾವ್ಯವೂ

ಸ್ಕಾಟ್ಲೆಂಡಿನ ಈಶಾನ್ಯ ಭಾಗದಲ್ಲಿ, ಸಮುದ್ರಕ್ಕೆ ಮೊಗವಾಗಿ, ಅಬರ್ಡೀನ್ ಸೀಮೆಯೆಂಬುದೊಂದುಂಟು. ಅಲ್ಲಿಯ ಒಕ್ಕಲಿಗನು ‘ಏನು’ ಎಂದು ಕೇಳಬೇಕಾದರೆ ಇಂಗ್ಲಿಷಿನ ‘ವಾಟ್’ ಎಂಬ ಮಾತಿಗೆ ಬದಲಾಗಿ ‘ಫಿಟ್’ ಎನ್ನುತ್ತಾನೆ. ‘ಯಾರು’ ಎಂಬುದಕ್ಕೆ ‘ಫಾ’, ‘ಎಲ್ಲಿ’ ಎಂಬುದಕ್ಕೆ ‘ಫಾರ್’, ‘ಯಾವಾಗ’ ಎಂಬುದಕ್ಕೆ ‘ಫ್ಯಾನ್’. ಹುಡುಗನು ‘ಲೂನ್’, ಹುಡುಗಿಯು ‘ಕ್ವೈನ್’. ಆಕಾಶದ ಚಂದ್ರನಿಗೆ ಅವರು ‘ಮೀನ್’ ಎನ್ನುವುದನ್ನು ಕೇಳಿ ಕನ್ನಡಿಗರು ಮುಗುಳ್ನಕ್ಕರೆ ಅದು ತಪ್ಪಲ್ಲ. ಲಂಡನ್ನಿನವನ ಮಾತು ಹಾಗಿರಲಿ, ದಕ್ಷಿಣ ಸ್ಕಾಟ್ಲೆಂಡಿನವನಿಗೂ ಮೊದಲ ಸಲ ಕೇಳಿದಾಗ ಈ ನುಡಿ ತೊಡಕಾಗುವುದುಂಟು. ಇಂಥ ಒಂದು ಸೀಮೆಯ ಆಡುಮಾತಿನಲ್ಲಿ ಗಂಭೀರವಾದ ಕವಿತೆ ಹುಟ್ಟಬಲ್ಲುದೆ, ಇಲ್ಲವೆ ಅದು ನಗೆಗೂ ತವರೂರಿನ ಹಂಬಲಕ್ಕೂ ಮಾತ್ರ ಸಲ್ಲತಕ್ಕದ್ದೆ? ಆ ದೇಶದ ವಿದ್ಯಾವಂತರು ಇನ್ನೂರೈವತ್ತು ವರ್ಷಗಳಿಂದ ಚರ್ಚಿಸುತ್ತ ಬಂದಿರುವ ಈ ಪ್ರಶ್ನೆಯನ್ನೇ ಇಂದು ಶ್ರೋತೃಗಳ ಮುಂದಿಡಬೇಕೆಂದಿದ್ದೇವೆ.

ಮೊದಲು ಒಂದು ಭ್ರಾಂತಿಯನ್ನು ಕಳೆಯಬೇಕು. ಸ್ಕಾಟ್ಸ್ ಎಂಬುದು ಕೆಟ್ಟುಹೋದ ಇಂಗ್ಲಿಷಲ್ಲ. ಆ ದೇಶದ ಮಲೆನಾಡಿನಲ್ಲಿ ಆಡುವ ಗೇಲಿಕ್ ಭಾಷೆಯ ಕವಲೂ ಅದಲ್ಲ; ಗೇಲಿಕ್ಕಿನ ಕುಲವೇ ಬೇರೆ. ಹಳೆಯ ಇಂಗ್ಲಿಷಿನ ಉತ್ತರದ ಕವಲು ತಗ್ಗುನಾಡಿನಲ್ಲಿ ನೆಲೆಸಿ ತನ್ನದೇ ದಾರಿಯಲ್ಲಿ ಬೆಳೆದುದು ಸ್ಕಾಟ್ಸ್. ಒಂದು ಕಾಲದಲ್ಲಿ ರಾಜಾಸ್ಥಾನದ ಕವಿಗಳೂ ಶಾಸನಸಭೆಯೂ ಬಳಸುತ್ತಿದ್ದ ನುಡಿ ಇದೇ. 1603ರಲ್ಲಿ ಅಲ್ಲಿಯ ದೊರೆ ಇಂಗ್ಲೆಂಡಿನ ಸಿಂಹಾಸನವನ್ನೂ ಪಡೆದು ಲಂಡನ್ನಿಗೆ ಹೊರಟುಹೋದನು. 1707ರಲ್ಲಿ ಶಾಸನಸಭೆಯೂ ಅವನನ್ನು ಹಿಂಬಾಲಿಸಿತು. ಅರಮನೆಯೂ ಕಚೇರಿಯೂ ಕೈಬಿಟ್ಟ ಮೇಲೆ ನುಡಿಯು ಹೊಲದಲ್ಲಿ, ಅಡಿಗೆಮನೆಯಲ್ಲಿ, ಸಂತೆಯಲ್ಲಿ ಉಳಿಯಿತು. ನಡುವೆ ಒಂದು ಮಾದರಿ ಇಲ್ಲದೆಹೋದುದರಿಂದ ಸೀಮೆಗೊಂದು ಬಗೆಯಾಗಿ ಅದು ಒಡೆಯಿತು. ಈಶಾನ್ಯದ ನುಡಿಗೆ ‘ಡೋರಿಕ್’ ಎಂಬ ಹೆಸರು ಬಂದಿರುವುದೂ ಕುತೂಹಲದ ಸಂಗತಿಯೇ. ಪುರಾತನ ಗ್ರೀಸಿನಲ್ಲಿ ಅಥೆನ್ಸಿನ ನಾಗರಿಕ ಭಾಷೆಗೆದುರಾಗಿ ಡೋರಿಯನ್ನರ ನುಡಿಯನ್ನು ಒರಟೆಂದು ಎಣಿಸುತ್ತಿದ್ದರು. ಆ ಹೆಸರನ್ನು ಪಂಡಿತರು ಮೊದಲು ಎಲ್ಲ ಬಗೆಯ ಸ್ಕಾಟ್ಸ್ ನುಡಿಗೂ ಅಂಟಿಸಿದರು; ಕೊನೆಗೆ ಅದು ಈಶಾನ್ಯದಲ್ಲಿ ನಿಂತಿತು. ಅಲ್ಲಿಯವರು ಇಂದು ಅದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ.

ಹದಿನೆಂಟನೆಯ ಶತಮಾನದ ವಿದ್ಯಾವಂತರಿಗಾದರೋ ಇದು ನಾಚಿಕೆಯ ವಿಷಯವಾಗಿತ್ತು. ಅಬರ್ಡೀನಿನ ಮಾರಿಷಲ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕನಾಗಿದ್ದ ಜೇಮ್ಸ್ ಬೀಟಿಯು, ಬರಹದಲ್ಲಿಯೂ ಮಾತಿನಲ್ಲಿಯೂ ತ್ಯಜಿಸತಕ್ಕ ಸ್ಕಾಟ್ಸ್ ಪ್ರಯೋಗಗಳನ್ನು ಅಕಾರಾದಿಯಾಗಿ ಜೋಡಿಸಿ 1787ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಆದರೆ ಇದೇ ಬೀಟಿ, 1768ರಲ್ಲಿ, ಲಾಕ್‌ಲೀ ಎಂಬ ಬೆಟ್ಟದ ಹಳ್ಳಿಯ ಉಪಾಧ್ಯಾಯನಾದ ಅಲೆಗ್ಸಾಂಡರ್ ರಾಸನು ‘ಹೆಲೆನೋರ್’ ಎಂಬ ದೀರ್ಘಕಾವ್ಯವನ್ನು ಸೀಮೆಯ ನುಡಿಯಲ್ಲಿ ರಚಿಸಿದಾಗ, ಅದರ ಪ್ರಕಟನೆಗೆ ನೆರವಾಗಿ, ಅದೇ ನುಡಿಯಲ್ಲಿ ತಾನೂ ಒಂದು ಪದ್ಯಪತ್ರವನ್ನು ಬರೆದು ಕವಿಯನ್ನು ಹೊಗಳಿದ್ದನು. ಬೀಟಿಯನ್ನು ಕಪಟಿಯೆನ್ನುವುದು ನಮಗೆ ಸರಿತೋರದು. ಶಿಷ್ಯರ ಹೊಟ್ಟೆಪಾಡಿಗೆ ಇಂಗ್ಲಿಷು ಬೇಕಾಗಿತ್ತು, ತನ್ನ ಮನಸ್ಸಿನ ಸುಖಕ್ಕೆ ಊರಿನ ನುಡಿ ಬೇಕಾಗಿತ್ತು, ಎರಡೂ ನಿಜ. ಕೆಡುಕು ಎಲ್ಲಿ ಬಂತೆಂದರೆ, ಮನೆಯ ಮಾತು ವಿನೋದಕ್ಕೆ ತಕ್ಕುದು, ವಿಚಾರಕ್ಕೆ ತಕ್ಕುದಲ್ಲ ಎಂಬ ಗೆರೆಯೊಂದು ಅಂದಿನಿಂದ ಬಲವಾಗಿ ಬಿದ್ದುಬಿಟ್ಟಿತು.

ಆ ಗೆರೆಯನ್ನು ದಾಟಿದವನು ಏರ್ ಸೀಮೆಯ ರೈತನ ಮಗನಾದ ರಾಬರ್ಟ್ ಬರ್ನ್ಸ್. 1786ರಲ್ಲಿ ಕಿಲ್ಮಾರ್ನಾಕಿನಲ್ಲಿ ಅಚ್ಚಾದ ಅವನ ಮೊದಲ ಸಂಗ್ರಹದ 612 ಪ್ರತಿಗಳಿಗೆ ಕವಿಯೇ ಕಡೆಯಲ್ಲಿ ಪದಕೋಶವನ್ನು ಜೋಡಿಸಬೇಕಾಯಿತು. ಅದೇ ವರ್ಷ ಹೆನ್ರಿ ಮೆಕೆಂಜಿಯೆಂಬ ಎಡಿನ್‌ಬರೋವಿನ ವಿಮರ್ಶಕನು ಅವನನ್ನು ದೈವದಿಂದಲೇ ಪಾಠ ಕಲಿತ ನೇಗಿಲಯೋಗಿಯೆಂದು ಮನಸಾರೆ ಕೊಂಡಾಡಿದನು. ಆದರೂ ಅವನು ಬಳಸಿದ ಸೀಮೆನುಡಿ ಓದುಗರಿಗೆ ಅಡ್ಡಿಯೆಂದು ಮರುಗಿದನು. ಬರ್ನ್ಸನ ವಿಷಯ ನಮ್ಮವರಿಗೆ ತಿಳಿಯದುದಲ್ಲ, ಬಿ. ಎಂ. ಶ್ರೀಕಂಠಯ್ಯನವರ 1926ರ ‘ಇಂಗ್ಲಿಷ್ ಗೀತಗಳು’ ಪುಸ್ತಕದಲ್ಲಿ ಅವನ ‘ಡಂಕನ್ ಗ್ರೇ’ ಎಂಬ ಹಾಡು ‘ಮಾದ ಮಾದಿ’ಯಾಗಿ ಕನ್ನಡಕ್ಕೆ ಬಂದಿದೆ. ಹೆಸರುಗಳನ್ನೇ ನಮ್ಮ ಹಳ್ಳಿಯ ಹೆಸರುಗಳಾಗಿ ಮಾರ್ಪಡಿಸಿದ ಅನುವಾದಕರು ಆ ನುಡಿಯ ಮನೆತನವನ್ನು ಚೆನ್ನಾಗಿ ಬಲ್ಲವರಾಗಿದ್ದರೆಂದು ನಮ್ಮ ಭಾವನೆ.

ಬರ್ನ್ಸನ ಕೀರ್ತಿಯಿಂದ ನುಡಿಗೆ ಒದಗಿದ ಒಳಿತೆಷ್ಟೋ ಹಾನಿಯೂ ಅಷ್ಟೇ. ಮುಂದಿನ ನೂರು ವರ್ಷ ಅವನನ್ನು ಅನುಕರಿಸುವವರದೇ ಹಿಂಡು. ಗುಡಿಸಲು, ಅಜ್ಜಿ, ಒಲೆಯ ಬೆಂಕಿ, ಹನಿಗಣ್ಣು ಇವೇ ಸಾಮಗ್ರಿ. ಇವರ ವಿಷಯವಾಗಿ ಹೆಚ್ಚು ಹೇಳುವ ಅಗತ್ಯವಿಲ್ಲ.

ಅಬರ್ಡೀನ್ ಸೀಮೆಯ ಆಲ್ಫರ್ಡ್ ಎಂಬ ಊರಿನಲ್ಲಿ 1864ರಲ್ಲಿ ಹುಟ್ಟಿದ ಚಾರ್ಲ್ಸ್ ಮರೆಯು ಈ ಹಿಂಡಿಗೆ ಸೇರಿದವನೋ ಅಲ್ಲವೋ ಎಂಬುದೇ ನಮ್ಮ ವಿಷಯದ ತಿರುಳು. ಈತನು ಇಂಜಿನಿಯರು. 1888ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋಗಿ, ಅಲ್ಲಿ ಮರಾಮತ್ತು ಇಲಾಖೆಯ ಮುಖ್ಯಾಧಿಕಾರಿಯ ಪದವಿಗೇರಿ, 1924ರಲ್ಲಿ ನಿವೃತ್ತನಾದನು. ‘ಹೇಮ್‌ವಿತ್’ ಎಂಬ ಅವನ ಸಂಗ್ರಹ 1900ರಲ್ಲಿ ಅಬರ್ಡೀನಿನಲ್ಲಿ ಅಚ್ಚಾಯಿತು; ಮನೆಯ ಕಡೆಗೆ ಎಂದು ಆ ಮಾತಿನ ಅರ್ಥ. ಅದರ ಭಾಷೆ ಹುಟ್ಟೂರಿನ ಮಾತು. ಸಾವಿರಾರು ಮೈಲಿಗಳಾಚೆ ಕುಳಿತು ಬರೆದರೂ ಒಂದು ಸ್ವರವೂ ಜಾರಿಲ್ಲವೆಂದು ಅಲ್ಲಿಯವರ ಅಭಿಪ್ರಾಯ.

ಮರೆಯ ಹೆಸರುವಾಸಿಯಾದ ಕವಿತೆ ‘ದಿ ವ್ಹಿಸಲ್’. ದನಕಾಯುವ ಪುಟ್ಟ ಹುಡುಗನೊಬ್ಬನು ಮರದ ಹಸಿ ಚಿಗುರನ್ನು ಕೊಯ್ದು ಪೀಪಿಯನ್ನು ಮಾಡುತ್ತಾನೆ. ಅದನ್ನು ಊದಿದರೆ ಊರೆಲ್ಲ ಕುಣಿಯುತ್ತದೆ, ದನಗಳೂ ಹಕ್ಕಿಗಳೂ ಕಿವಿಗೊಡುತ್ತವೆ. ಚಳಿಗಾಲ ಬಂದು ಪಾಠಶಾಲೆ ತೆರೆಯುತ್ತದೆ. ಹುಡುಗನಿಗೆ ಮಗ್ಗಿಯೂ ಬಾರದು, ಧರ್ಮಪಾಠವೂ ಬಾರದು, ಏಟು ಬೀಳುತ್ತದೆ, ಮೇಷ್ಟರು ಪೀಪಿಯನ್ನು ಬೆಂಕಿಗೆ ಹಾಕುತ್ತಾರೆ. ಕವಿತೆ ಅಲ್ಲಿಗೆ ಮುಗಿಯುತ್ತದೆ. ಅದುವರೆಗೆ ನಕ್ಕು ಹಾಡಿದ ಮಕ್ಕಳು ಕೊನೆಯ ಸಾಲಿಗೆ ಸುಮ್ಮನಾಗಬೇಕಾದುದು ಸಹಜ. ಇದು ಬರಿಯ ಆಟದ ಪದ್ಯವಲ್ಲ. ಸ್ಕಾಟ್ಲೆಂಡಿನ ಪಾಠಶಾಲೆಗಳಲ್ಲಿ ಮಕ್ಕಳ ಮನೆಮಾತಿಗೆ ಏನಾಯಿತೆಂಬುದರ ಕಥೆಯೂ ಹೌದು. 1946ರಲ್ಲಿಯೂ ಅಲ್ಲಿಯ ಸರ್ಕಾರದ ಶಿಕ್ಷಣ ಸಲಹಾಮಂಡಲಿಯು, ಸ್ಕಾಟ್ಸ್ ನುಡಿಯು ವಿದ್ಯಾವಂತರ ಭಾಷೆಯಲ್ಲ, ಶಿಕ್ಷಣಕ್ಕೂ ಸಂಸ್ಕೃತಿಗೂ ಅದು ತಕ್ಕ ಮಾಧ್ಯಮವಲ್ಲ ಎಂಬರ್ಥದ ತೀರ್ಮಾನವನ್ನು ತನ್ನ ವರದಿಯಲ್ಲಿ ಬರೆಯಿತು.

ಮರೆಯ ಇನ್ನೊಂದು ಚಿಕ್ಕ ಕವಿತೆಯನ್ನು ನಾವು ಇದಕ್ಕೂ ಮೇಲೆಣಿಸುತ್ತೇವೆ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ ಪ್ರಕಟವಾದ ಸಂಗ್ರಹದಲ್ಲಿರುವ ಅದರ ಹೆಸರಿನ ಅರ್ಥ ‘ನಾನು ದೇವರಾಗಿದ್ದರೆ’. ಅಲ್ಲಿ ದೇವರು ದಿನದ ಗೆಯ್ಮೆ ಮುಗಿಸಿದ ಆಳಿನಂತೆ ದಣಿದು ಕುಳಿತಿದ್ದಾನೆ. ದೇವದೂತರ ಹಾಡು ಕೇಳಿ ಕೇಳಿ ಕಿವಿ ಸೋತಿದೆ. ಮೋಡದ ಅಂಚಿಗೆ ಬಂದು ಕೆಳಗೆ ಬಗ್ಗಿ ನೋಡಿದರೆ, ತಾನು ಮಾಡಿದ ಮನುಷ್ಯರು ವಿಷವಿಕ್ಕಿ, ಗುಂಡಿಕ್ಕಿ, ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದಾರೆ. ಆಗ ಅವನು ಕೋಟು ಕಳಚಿ, ಅಂಗಿಯ ತೋಳನ್ನು ಮಡಿಸಿ, ಮತ್ತೊಂದು ಪ್ರಳಯವನ್ನು ಕಳುಹಿಸಿ, ಹಲಗೆಯನ್ನು ಒರೆಸಿ, ತಪ್ಪನ್ನೊಪ್ಪಿಕೊಂಡು, ಮೊದಲಿನಿಂದ ಆರಂಭಿಸಬೇಕೆನ್ನುತ್ತಾನೆ. ಈ ಭಾವವನ್ನು ಗ್ರಾಂಥಿಕವಾದ ಇಂಗ್ಲಿಷಿನಲ್ಲಿ ಹೇಳಹೊರಟರೆ ಅದು ದೇವದೂಷಣೆಯಾಗುತ್ತದೆ, ಇಲ್ಲವೆ ಧರ್ಮೋಪದೇಶವಾಗುತ್ತದೆ. ಅಬರ್ಡೀನ್ ಸೀಮೆಯ ಜೀತಗಾರನ ನುಡಿಯಲ್ಲಿ ಅದು ಎರಡೂ ಆಗಲಿಲ್ಲ. ಮಾಡಿದ ಕೆಲಸ ಕೆಟ್ಟುದನ್ನು ಕಂಡ ಕೆಲಸಗಾರನ ಕೋಪ, ಅಷ್ಟೆ. ಸೀಮೆನುಡಿ ಇಲ್ಲಿ ಅರ್ಥದ ಮೇಲೆ ಹೊದಿಸಿದ ಬಟ್ಟೆಯಲ್ಲ. ಅರ್ಥವೇ ಅದರಿಂದ ಹುಟ್ಟಿದೆ.

ಆಂಗಸ್ ಸೀಮೆಯ ವಯಲೆಟ್ ಜೇಕಬ್ ಎಂಬಾಕೆಯ ಪರಿಸ್ಥಿತಿ ಬೇರೆ. ಮಾಂಟ್ರೋಸ್ ಪಟ್ಟಣದ ಬಳಿಯ ಜಮೀನ್ದಾರಿ ಮನೆತನದ ಮಗಳು. 1895ರಿಂದ 1900ರವರೆಗೆ ಗಂಡನ ಸೈನ್ಯದೊಡನೆ ಮಧ್ಯಭಾರತದ ಮಹೂ ದಂಡಿನಲ್ಲಿದ್ದು, ಅಲ್ಲಿಯ ಹೂಗಿಡಗಳ ಚಿತ್ರಗಳನ್ನು ಬರೆದವಳು. ಕವಿತೆಗೆ ಆಕೆ ಆರಿಸಿಕೊಂಡುದು ತನ್ನ ಮನೆತನದ ಇಂಗ್ಲಿಷನ್ನಲ್ಲ, ಬಾಲ್ಯದಲ್ಲಿ ಕೇಳಿದ ಆಳುಕಾಳುಗಳ ನುಡಿಯನ್ನು. ದೊಡ್ಡ ಮನೆಯ ಹೆಂಗಸು ಉಳುವವನ ಬಾಯಿಂದ ಮಾತನಾಡಿದರೆ ಅದು ವೇಷವಾಗದೆ ಎಂದು ಕೇಳುವವರುಂಟು. 1915ರಲ್ಲಿ ‘ಆಂಗಸಿನ ಹಾಡುಗಳು’ ಹೊರಬಂದವು. ಮರುವರ್ಷ ಆಕೆಯ ಒಬ್ಬನೇ ಮಗನು ಸೋಮ್ ಯುದ್ಧದಲ್ಲಿ ಗಾಯಗೊಂಡು ತೀರಿಕೊಂಡನು. 1918ರ ಎರಡನೆಯ ಸಂಗ್ರಹವನ್ನು ಓದಿದವರು ವೇಷದ ಮಾತೆತ್ತಲಾರರೆಂದು ನಾವು ತಿಳಿಯುತ್ತೇವೆ. ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ಉಳುವವರ ಮನೆಗಳಿಗೂ ಆಕೆಯ ಮನೆಗೂ ಅಂತರ ಉಳಿದಿರಲಿಲ್ಲ.

ಈ ಹೊತ್ತಿಗೆ ಅದೇ ಮಾಂಟ್ರೋಸಿನಲ್ಲಿ ಪತ್ರಿಕೆಯ ಕೆಲಸ ಮಾಡುತ್ತಿದ್ದ ತರುಣನೊಬ್ಬನು ಎಲ್ಲವನ್ನೂ ಅಲ್ಲಾಡಿಸಿದನು. ಅವನ ಹೆಸರು ಕ್ರಿಸ್ಟಫರ್ ಮರೆ ಗ್ರೀವ್. ಕಾವ್ಯನಾಮ ಹ್ಯೂ ಮೆಕ್‌ಡಯರ್ಮಿಡ್. ಮೊದಮೊದಲು ಈತನು ಸ್ಕಾಟ್ಸ್ ನುಡಿಯ ಪುನರುದ್ಧಾರವೆಂದರೆ ಹಾಸ್ಯಮಾಡುತ್ತಿದ್ದವನು. 1922ರಲ್ಲಿ ಅವನ ಕೈಗೆ ಒಂದು ಪುಸ್ತಕ ಸಿಕ್ಕಿತು. ಅದನ್ನು ಬರೆದ ಸರ್ ಜೇಮ್ಸ್ ವಿಲ್ಸನ್ ನಮ್ಮ ದೇಶದ ಸಿವಿಲ್ ಸರ್ವಿಸಿನಲ್ಲಿದ್ದು, ಪಂಜಾಬಿನ ಶಾಹಪುರ ಜಿಲ್ಲೆಯ ಆಡುಮಾತಿಗೆ ವ್ಯಾಕರಣವನ್ನೂ ನಿಘಂಟನ್ನೂ ರಚಿಸಿದ ಅಧಿಕಾರಿ. ನಿವೃತ್ತನಾಗಿ ಸ್ವದೇಶಕ್ಕೆ ಹೋದ ಮೇಲೆ, ಪಂಜಾಬಿನಲ್ಲಿ ಕಲಿತ ಕ್ರಮದಿಂದಲೇ ಪರ್ತ್ ಸೀಮೆಯ ಕೆಳ ಸ್ಟ್ರಾತರ್ನಿನ ಮಾತುಗಳನ್ನು ಕಿವಿಗೊಟ್ಟು ಬರೆದುಕೊಂಡು 1915ರಲ್ಲಿ ಪ್ರಕಟಿಸಿದನು. ಅದರಲ್ಲಿ ಎರಡು ಪದಗಳು ಮೆಕ್‌ಡಯರ್ಮಿಡನ ಕಣ್ಣಿಗೆ ಬಿದ್ದವು. ಒಂದು ‘ಯೌ-ಟ್ರಮಲ್’: ಬೇಸಗೆಯಲ್ಲಿ ಉಣ್ಣೆ ಕತ್ತರಿಸಿದ ಮೇಲೆ ಹಠಾತ್ತಾಗಿ ಬೀಸುವ, ಕುರಿಗಳನ್ನು ನಡುಗಿಸುವ ಚಳಿ. ಇನ್ನೊಂದು ‘ವಾಟರ್‌ಗಾ’: ಮಳೆಯ ನಡುವೆ ತುಂಡಾಗಿ, ಮಸುಕಾಗಿ ತೋರುವ ಕಾಮನಬಿಲ್ಲು. ಈ ಎರಡು ಪದಗಳ ಸುತ್ತ, ಸಾಯುತ್ತಿರುವ ಒಬ್ಬರ ಕೊನೆಯ ನೋಟವನ್ನು ನೆನೆಯುವ ಹನ್ನೆರಡೇ ಹನ್ನೆರಡು ಚಿಕ್ಕ ಸಾಲುಗಳ ಮನಮುಟ್ಟುವ ಗೀತೆಯೊಂದು ಒಮ್ಮೆಗೇ ರೂಪುಗೊಂಡಿತೆಂದು ಹೇಳಿದರೆ, ಓದಿದವರು ಅದನ್ನು ಅತಿಶಯವೆನ್ನಲಾರರು.

ಅನಂತರ ಅವನು 1808ರ ಜೇಮೀಸನ್ನನ ನಿಘಂಟನ್ನು ಗಣಿಯಂತೆ ಅಗೆದನು. ಒಂದು ಸೀಮೆಯ ಮಾತಿಗೆ ಕಟ್ಟುಬೀಳದೆ, ಎಲ್ಲ ಸೀಮೆಗಳ, ಎಲ್ಲ ಕಾಲಗಳ ಪದಗಳನ್ನೂ ಬೆರಸಿ, ತತ್ತ್ವವನ್ನೂ ರಾಜಕೀಯವನ್ನೂ ಹೊರಬಲ್ಲ ಕಾವ್ಯಭಾಷೆಯೊಂದನ್ನು ಕಟ್ಟಬೇಕೆಂಬುದು ಅವನ ಛಲ. 1926ರಲ್ಲಿ ಅಚ್ಚಾದ, ಕುಡುಕನೊಬ್ಬನು ಮುಳ್ಳುಗಿಡವನ್ನು ನೋಡುತ್ತ ತನ್ನ ದೇಶವನ್ನೂ ವಿಶ್ವವನ್ನೂ ಚಿಂತಿಸುವ ದೀರ್ಘಕಾವ್ಯ ಈ ಛಲದ ಫಲ. ಇದೇ ಉತ್ಸಾಹದಲ್ಲಿ ಅವನು ಚಾರ್ಲ್ಸ್ ಮರೆಯನ್ನು ಕವಿಯೇ ಅಲ್ಲವೆಂಬಷ್ಟು ಕಟುವಾಗಿ ಹೀಗಳೆದನು. ಅವನ ಅನುಯಾಯಿಗಳನ್ನು ಎದುರು ಪಕ್ಷದವರು ಅಚ್ಚಿನಲ್ಲಿ ಒತ್ತಿ ತೆಗೆದ ಭಾಷೆಯವರೆಂದು ಹಂಗಿಸಿದರು. ಯಾರೂ ಆಡದ ಭಾಷೆಯಲ್ಲಿ ಕವಿತೆ ಹೇಗೆಂದು ಇವರು. ಒಂದು ಹಳ್ಳಿಯವರು ಮಾತ್ರ ಆಡುವುದರಲ್ಲಿ ದೇಶದ ಕವಿತೆ ಹೇಗೆಂದು ಅವರು.

ನಮ್ಮ ಮಟ್ಟಿಗೆ ಹೇಳುವುದಾದರೆ, ಮೆಕ್‌ಡಯರ್ಮಿಡನ ಗುರಿ ಹಿರಿದು, ಮರೆಯ ವಿಷಯದಲ್ಲಿ ಅವನ ತೀರ್ಪು ಅನ್ಯಾಯ. ನಿಘಂಟಿನಿಂದ ಅವನು ತೆಗೆದ ಪದಗಳು ಬದುಕಿದುದು ಕುರಿಯ ಚಳಿಯನ್ನು ಮೈಯಿಂದ ಬಲ್ಲ ಯಾರೋ ಅವಕ್ಕೆ ಮೊದಲು ಉಸಿರು ಕೊಟ್ಟಿದ್ದುದರಿಂದ. ಸೀಮೆಯ ಕವಿಗೂ ಅಪಾಯವಿಲ್ಲದಿಲ್ಲ: ಪದ ಹಳೆಯದೆಂಬ ಒಂದೇ ಕಾರಣದಿಂದ ಅದನ್ನು ಮುದ್ದಿಸುವ ಚಾಳಿ ಮರೆಯಲ್ಲಿಯೂ ಅಲ್ಲಲ್ಲಿ ಉಂಟು. ಆದರೆ ಆ ದೋಷ ಕವಿಯದು, ನುಡಿಯದಲ್ಲ. ಇದಕ್ಕೆ ಸಾಕ್ಷಿ ಬೇಕೆನ್ನುವವರು 1900ರಲ್ಲಿ ಬಕ್ಕನ್ ಪ್ರದೇಶದಲ್ಲಿ ಹುಟ್ಟಿ ಹತ್ತಿರಹತ್ತಿರ ನೂರು ವರ್ಷ ಬಾಳಿದ ಫ್ಲೋರಾ ಗ್ಯಾರಿಯವರ ‘ಬೆನ್ನಿಗೋಕ್’ ಸಂಗ್ರಹವನ್ನು ನೋಡಬಹುದು. ಬೆನ್ನಿಗೋಕ್ ಎಂದರೆ ಕೋಗಿಲೆಯ ಗುಡ್ಡ. ಅದು ಪ್ರಕಟವಾದುದು 1974ರಲ್ಲಿ, ಕವಯಿತ್ರಿಯ ಇಳಿವಯಸ್ಸಿನಲ್ಲಿ. ಜೌಗು ನೆಲದ ಬಡ ಬೇಸಾಯದಲ್ಲಿ ಸವೆದ ಹೆಣ್ಣಿನ ಬಾಳು ಅಲ್ಲಿ ಹನಿಗಣ್ಣಿಲ್ಲದೆ ನಿಂತಿದೆ.

ಸರ್ಕಾರದ ನಿಲುವೂ ಈಗ ಹಿಂದಿನಂತಿಲ್ಲ. ಹತ್ತು ಸಂಪುಟಗಳ ಸ್ಕಾಟಿಷ್ ರಾಷ್ಟ್ರೀಯ ನಿಘಂಟು 1976ರಲ್ಲಿ ಪೂರ್ಣವಾಯಿತು. 2011ರ ಜನಗಣತಿಯಲ್ಲಿ ಮೊದಲ ಬಾರಿಗೆ ಸ್ಕಾಟ್ಸ್ ಬಲ್ಲಿರಾ ಎಂದು ಕೇಳಿದಾಗ ಹದಿನೈದು ಲಕ್ಷಕ್ಕೂ ಹೆಚ್ಚು ಮಂದಿ ಮಾತನಾಡಬಲ್ಲೆವೆಂದರು. 2025ರಲ್ಲಿ ಶಾಸನಸಭೆಯು ಗೇಲಿಕ್ಕಿನೊಡನೆ ಸ್ಕಾಟ್ಸ್ ಭಾಷೆಗೂ ಅಧಿಕೃತ ಸ್ಥಾನವನ್ನು ಕೊಡುವ ಶಾಸನವನ್ನು ಅಂಗೀಕರಿಸಿತು. ಕಾಗುಣಿತದ ಜಗಳವಂತೂ ಇನ್ನೂ ಮುಗಿದಿಲ್ಲ. ಅಬರ್ಡೀನಿನವನು ‘ಮೀನ್’ ಎಂಬುದನ್ನು ತಾನು ನುಡಿದಂತೆಯೇ ಬರೆದರೆ ಏರ್ ಸೀಮೆಯವನಿಗೆ ಅದರಲ್ಲಿ ಚಂದ್ರನು ಕಾಣಿಸನು. ಆದಕಾರಣ ಈ ಕವಿತೆಗಳನ್ನು ಅಚ್ಚಿನಲ್ಲಿ ಓದುವುದಕ್ಕಿಂತ ಕಿವಿಯಿಂದ ಕೇಳುವುದು ಮೇಲು. 1951ರಿಂದ ಎಡಿನ್‌ಬರೋ ವಿಶ್ವವಿದ್ಯಾನಿಲಯದ ಸ್ಕಾಟಿಷ್ ಅಧ್ಯಯನ ವಿಭಾಗದವರು ಊರೂರು ತಿರುಗಿ, ಒಕ್ಕಲಿಗರ, ಅಲೆಮಾರಿಗಳ, ಮುದುಕಿಯರ ಕಂಠದಲ್ಲಿ ಹಾಡು ಕಥೆಗಳನ್ನು ಧ್ವನಿಮುದ್ರಣಮಾಡಿಟ್ಟಿದ್ದಾರೆ. ಆ ಮುದ್ರಣಗಳಲ್ಲಿ ಹಲವನ್ನು ಈಗ ಯಾರು ಬೇಕಾದರೂ ಮನೆಯಲ್ಲಿ ಕುಳಿತೇ ಕೇಳಬಹುದು.