ನಿಂತುಹೋದ ಒಂದು ಗಾಲ್ಫ್ ಪಂದ್ಯಾವಳಿ



ಗಾಲ್ಫಿನ ವಿಷಯ ಮಾತನಾಡಲು ಬ್ಯಾಂಕಿನ ಗುಮಾಸ್ತರಾದ ನಮಗೇನು ಅಧಿಕಾರವೆಂದು ತಾವು ಕೇಳಬಹುದು. ನಾವು ಖಾತೆಪುಸ್ತಕ ಹಿಡಿದವರು. ಈ ಕಥೆಯಲ್ಲಿ ಲೆಕ್ಕವೂ ಬೇಕಾದಷ್ಟಿದೆ.

ಅಮೆರಿಕದ ಷಿಕಾಗೋ ನಗರದ ಬಳಿ ಟ್ಯಾಮ್ ಓ ಶ್ಯಾಂಟರ್ ಎಂಬ ಮೈದಾನ. ಅದರ ಯಜಮಾನ ಜಾರ್ಜ್ ಮೇ, ಕಂಪನಿಗಳಿಗೆ ದಕ್ಷತೆಯ ಸಲಹೆ ಮಾರಿ ಹಣ ಮಾಡಿದವನು. 1946ರಲ್ಲಿ ಆತ 'ಗಾಲ್ಫಿನ ವಿಶ್ವ ಚಾಂಪಿಯನ್‌ಷಿಪ್' ಆರಂಭಿಸಿದ. ವಿಶ್ವವೆಂಬ ಬಿರುದು ಆತನೇ ಇಟ್ಟುಕೊಂಡದ್ದು! ಆದರೆ ಹಣ ಸುಳ್ಳಲ್ಲ. 1954ರಲ್ಲಿ ಯು.ಎಸ್. ಓಪನ್ ಗೆದ್ದವನಿಗೆ ದೊರೆತದ್ದು 6,000 ಡಾಲರು. ಅದೇ ವರ್ಷ ಮೇ ಕೊಟ್ಟ ಮೊದಲ ಬಹುಮಾನ 50,000. ಅದರ ಹಿಂದಿನ ವರ್ಷ ಲ್ಯೂ ವರ್ಷಮ್ ನೂರು ಗಜಕ್ಕೂ ಹೆಚ್ಚು ದೂರದಿಂದ ಹೊಡೆದ ಚೆಂಡು ಕೊನೆಯ ಗುಳಿಗೇ ಬಿದ್ದು, ಒಂದು ಹೊಡೆತದ ಅಂತರದಲ್ಲಿ ಆತ ಗೆದ್ದುದನ್ನು ದೇಶವೆಲ್ಲ ಟೆಲಿವಿಷನ್ನಿನಲ್ಲಿ ಕಂಡಿತು.

ನಮ್ಮ ಮನಸ್ಸನ್ನು ಹಿಡಿದದ್ದು ಬೇರೊಂದು ಸಂಗತಿ. ವೃತ್ತಿ ಗಾಲ್ಫಿಗರ ಸಂಘವು 1961ರವರೆಗೂ ಬಿಳಿಯರಿಗೆ ಮಾತ್ರ ಸದಸ್ಯತ್ವವೆಂಬ ನಿಯಮವನ್ನು ಬಿಡಲಿಲ್ಲ. ಮೇ ಆದರೋ, 1940ರ ದಶಕದಲ್ಲೇ ತನ್ನ ಮೈದಾನದ ಪಂದ್ಯಗಳಿಗೆ ಕಪ್ಪು ಜನಾಂಗದ ಆಟಗಾರರನ್ನು ಸೇರಿಸಿಕೊಂಡ. ಟೆಡ್ ರೋಡ್ಸ್ ಅಲ್ಲಿ ಆಡಿದ. ಮೇಗೆ ಇದ್ದದ್ದು ಧರ್ಮಬುದ್ಧಿಯೋ, ಪ್ರಚಾರದ ಗೀಳೋ. ರೋಡ್ಸನಿಗಂತೂ ಆಡಲು ಸ್ಥಳ ಸಿಕ್ಕಿತು.

ಆಟಗಾರರ ಬೆನ್ನಿಗೆ ಸಂಖ್ಯೆ ಅಂಟಿಸಿದ್ದಕ್ಕೆ ಹಲವರು ಗೊಣಗಿದರು. ಕೊನೆಗೆ ಪ್ರವೇಶ ಶುಲ್ಕದ ವಿಷಯದಲ್ಲಿ ಮೇಗೂ ಸಂಘಕ್ಕೂ ಜಗಳವಾಯಿತು. ಬಹುಮಾನಕ್ಕೆ ಹಿಂಜರಿಯದವನು ಶುಲ್ಕಕ್ಕೆ ಹಟ ಹಿಡಿದ. 1957ರ ಪಂದ್ಯವೇ ಕಡೆಯದು. ಮೇ 1962ರಲ್ಲಿ ತೀರಿಕೊಂಡ. ಹದಿನೆಂಟು ಗುಳಿಗಳ ಆ ಮೈದಾನದಲ್ಲಿ ಇಂದು ಒಂಬತ್ತು ಉಳಿದಿವೆ. ಊರಿನವರು ಅಲ್ಲಿ ಆಡುತ್ತಾರೆ.