ಖಿನ್ನತೆಯೂ ಮಿದುಳಿನ ಜಾಲಗಳೂ



ಮಠಕ್ಕೆ ಬರುವ ಭಕ್ತರು ಕಾಯಿಕರ್ಪೂರದೊಡನೆ ಮನಸ್ಸಿನ ಭಾರವನ್ನೂ ಹೊತ್ತು ತರುವುದುಂಟು. ಕೆಲವರಲ್ಲಿ ಆ ಭಾರವು ಬರಿಯ ದುಃಖವಲ್ಲ, ರೋಗ. ಖಿನ್ನತೆಯೆಂಬ ಆ ರೋಗವನ್ನು ಕುರಿತು ಎರಡು ಮಾತುಗಳನ್ನು ಅರಿಕೆ ಮಾಡಿಕೊಳ್ಳುವೆನು.

ಗಂಗಾವತಿಯ ಗದ್ದೆಯಲ್ಲಿ ಪೈರು ಹಳದಿಗಟ್ಟಿದರೆ ಕಾಲುವೆಯ ನೀರು ಹೆಚ್ಚಾಗಿ ಜವಳು ಹಿಡಿದಿರಬಹುದು. ಕುಷ್ಟಗಿ, ಯಲಬುರ್ಗಾಗಳ ಖುಷ್ಕಿ ಹೊಲದಲ್ಲಾದರೆ ಮಳೆ ತಪ್ಪಿರಬಹುದು. ನೋಟಕ್ಕೆ ಎರಡೂ ಒಂದೇ. ಆದರೆ ಒಂದರ ನೀರನ್ನು ಬಸಿಯಬೇಕು, ಇನ್ನೊಂದಕ್ಕೆ ನೀರುಣಿಸಬೇಕು. ಖಿನ್ನತೆಯ ಸಂಗತಿಯೂ ಹೀಗೆಯೇ.

ಮಿದುಳಿನ ಭಾಗಗಳು ಕಾಲುವೆ, ಉಪಕಾಲುವೆಗಳಂತೆ ಕೂಡಿ ಜಾಲಗಳಾಗಿ ದುಡಿಯುತ್ತವೆ. ಸುಮ್ಮನೆ ಕುಳಿತಾಗ ನಮ್ಮನ್ನೇ ಕುರಿತು ಯೋಚಿಸುವ ಜಾಲ ಒಂದು. ಸುಖದ ರುಚಿಯನ್ನು ತೋರುವುದು ಮತ್ತೊಂದು. ಗಮನವನ್ನು ಕೆಲಸದಲ್ಲಿ ನಿಲ್ಲಿಸುವುದು ಇನ್ನೊಂದು. ಇವುಗಳ ಏರುಪೇರಿಗೆ ತಕ್ಕಂತೆ ಒಬ್ಬನು ಹಳೆಯ ತಪ್ಪುಗಳನ್ನೇ ಮೆಲುಕು ಹಾಕುವನು. ಒಬ್ಬಳಿಗೆ ಮೊಮ್ಮಗುವಿನ ನಗೆಯೂ ಸೊಗಸದು. ಮತ್ತೊಬ್ಬನಿಗೆ ಅಂಗಡಿಯ ಲೆಕ್ಕವೂ ತಲೆಗೆ ಹತ್ತದು. 2024ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪಂಡಿತರು ಖಿನ್ನತೆ, ಆತಂಕಗಳುಳ್ಳ 801 ಜನರ ಮಿದುಳಿನ ಚಿತ್ರಗಳನ್ನು ಪರೀಕ್ಷಿಸಿ ಆರು ಬಗೆಗಳನ್ನು ಗುರುತಿಸಿದರು. ಒಂದು ಬಗೆಯವರಿಗೆ ಔಷಧವೊಂದು, ಮತ್ತೊಂದು ಬಗೆಯವರಿಗೆ ಮಾತಿನ ಚಿಕಿತ್ಸೆಯು ಹೆಚ್ಚು ಫಲಿಸಿತು. ಈ ಪರೀಕ್ಷೆಯು ಇನ್ನೂ ನಿತ್ಯದ ವೈದ್ಯಕ್ಕೆ ಇಳಿದಿಲ್ಲವಾದರೂ ಅದರ ಪಾಠವು ನಮಗೆ ಈಗಲೇ ಬೇಕಾದುದು.

ಆ ಪಾಠವೇನೆಂದರೆ, ಮೊದಲ ಔಷಧವು ಫಲಿಸಲಿಲ್ಲವೆಂದು ರೋಗಿಯು ಕೈಚೆಲ್ಲಬಾರದು. ಮನೆಯವರು "ಇವನ ಹಣೆಬರಹವೇ ಇಷ್ಟು" ಎನ್ನಬಾರದು. ಅವನ ಬಗೆಗೆ ಒಪ್ಪುವ ಚಿಕಿತ್ಸೆ ಬೇರೆಯಿರಬಹುದು. ಸಾಲ, ಬರ, ಅಗಲಿಕೆಗಳು ರೋಗವನ್ನು ಕೆರಳಿಸುವುದು ನಿಜ. ಆದರೆ ಇದು ಸೋಮಾರಿತನವಲ್ಲ, ಭಕ್ತಿಯ ಕೊರತೆಯಲ್ಲ, ಮಾಟವೂ ಅಲ್ಲ. "ಧೈರ್ಯ ತಂದುಕೋ" ಎಂಬ ಮಾತೊಂದರಿಂದಲೇ ಬಾಡಿದ ಪೈರು ಚಿಗುರುವುದೇ?

ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿಯೇ ಮನೋರೋಗಗಳಿಗೆ ಚಿಕಿತ್ಸೆ ದೊರೆಯುವಂತೆ ಮಾಡತೊಡಗಿತು. ದೇಶವೇ ಅದನ್ನು ಮಾದರಿಯಾಗಿ ಸ್ವೀಕರಿಸಿತು. ಈಗ ಸರಕಾರದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.

ಎರಡು ವಾರ ಕಳೆದರೂ ಮಂಕು ಹರಿಯದವರನ್ನು ವೈದ್ಯರಲ್ಲಿಗೆ ಕರೆದೊಯ್ಯಿರಿ. ಸಾವಿನ ಮಾತನ್ನಾಡಿದವರನ್ನು ಒಂಟಿಯಾಗಿ ಬಿಡದೆ ಅಂದೇ ಕರೆದೊಯ್ಯಿರಿ. ಹಸಿದವರಿಗೆ ಅನ್ನವಿಕ್ಕುವ ಈ ಮಠದ ಅಂಗಳದಲ್ಲಿ ನೊಂದವರ ಪಕ್ಕದಲ್ಲಿ ಕುಳಿತುಕೊಳ್ಳುವುದೂ ದಾಸೋಹವೇ ಎಂದು ಬಿನ್ನವಿಸಿ, ನನ್ನ ಮಾತುಗಳನ್ನು ಮುಗಿಸುವೆನು.