ದುಡ್ಡು ಕಡಿಮೆ ಇದ್ದಾಗ ಲೆಕ್ಕ ಗಟ್ಟಿಯಿರಲಿ



ಕಡಿಮೆ ಬಜೆಟ್ಟಿನಲ್ಲಿ ಗೇಮಿಂಗ್ ಕಂಪ್ಯೂಟರ್ ಕಟ್ಟುವುದು ಹೇಗೆ ಎಂಬ ಒಂದೇ ವಿಷಯ ಹಿಡಿದು ಪಾಲಿಟೆಕ್ನಿಕ್ ಮಕ್ಕಳು ಪ್ರದರ್ಶನ ಮಾಡುತ್ತಿದ್ದಾರೆ ಎಂದು ತಿಳಿದಾಗ ನನಗೆ ತುಂಬ ಸಂತೋಷವಾಯಿತು. ಲಕ್ಷಗಟ್ಟಲೆ ಬೆಲೆಯ ಯಂತ್ರವನ್ನು ಯಾರು ಬೇಕಾದರೂ ಅಂಗಡಿಯಿಂದ ಹೊತ್ತು ತರಬಹುದು. ಐವತ್ತು ಸಾವಿರದೊಳಗೆ, ಕೆಲವೊಮ್ಮೆ ಅದರ ಅರ್ಧದಲ್ಲಿ, ಐದಾರು ವರ್ಷ ಬಾಳುವ ಯಂತ್ರ ನಿಲ್ಲಿಸುವುದಕ್ಕೆ ವಿದ್ಯೆ ಬೇಕು. ಉಳಿತಾಯ ಎಂದರೆ ಎಲ್ಲ ಭಾಗಗಳಲ್ಲೂ ಸ್ವಲ್ಪ ಸ್ವಲ್ಪ ಕಡಿತ ಮಾಡುವುದು ಎಂದು ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಯಾವ ಭಾಗಕ್ಕೆ ಧಾರಾಳವಾಗಿ ಕೊಡಬೇಕು, ಯಾವುದಕ್ಕೆ ಒಂದು ರೂಪಾಯಿಯೂ ಹೆಚ್ಚು ಕೊಡಬಾರದು ಎಂದು ಗೊತ್ತಿರುವುದೇ ಉಳಿತಾಯ. ಈ ಹೊತ್ತು ನಾನು ಹೇಳಬೇಕೆಂದಿರುವುದು ಇಷ್ಟೇ.

ಲೆಕ್ಕ ಶುರುವಾಗಬೇಕಾದದ್ದು ಪರದೆಯಿಂದ. 1080ಪಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಚುಕ್ಕೆಗಳು. 4ಕೆ ಪರದೆಯಲ್ಲಿ 82,94,400, ಅಂದರೆ ಸರಿಯಾಗಿ ನಾಲ್ಕು ಪಟ್ಟು. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದೊಂದು ಚಿತ್ರವನ್ನೂ ಸುಮಾರು 16.7 ಮಿಲಿಸೆಕೆಂಡಿನಲ್ಲಿ ಬರೆದು ಮುಗಿಸಬೇಕು. 144 ಬೇಕೆಂದರೆ ಏಳು ಮಿಲಿಸೆಕೆಂಡೂ ಸಿಗುವುದಿಲ್ಲ. ಯಂತ್ರದ ಮೇಲಿನ ಭಾರವನ್ನು ನಿರ್ಧರಿಸುವುದು ಚುಕ್ಕೆಗಳು ಎಷ್ಟು, ಸೆಕೆಂಡಿಗೆ ಚಿತ್ರಗಳು ಎಷ್ಟು ಎಂಬ ಈ ಎರಡು ಸಂಖ್ಯೆಗಳು. ಕೈ ಬಿಗಿಯಿರುವವರು 1080ಪಿ ಪರದೆಯಲ್ಲಿ ನಿಲ್ಲುವುದು ಜಾಣತನ. ಆಮೇಲೆ ಕೇಳಿಕೊಳ್ಳಬೇಕಾದದ್ದು, ನಾನು ಆಡುವ ಆಟ ಯಾವುದು? ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ 2 ಥರದ ಸ್ಪರ್ಧೆಯ ಆಟಗಳಿಗೆ ಚುರುಕಾದ ಪ್ರೊಸೆಸರ್ ಮುಖ್ಯ. ಸೈಬರ್‌ಪಂಕ್ 2077ರಂಥ ದೊಡ್ಡ ಲೋಕದ ಆಟಗಳು ಗ್ರಾಫಿಕ್ಸ್ ಕಾರ್ಡಿನ ಮೇಲೆ ಬೀಳುತ್ತವೆ. ಆಟ ಯಾವುದೆಂದು ತೀರ್ಮಾನಿಸದೆ ಅಂಗಡಿಗೆ ಹೋದರೆ ನಮ್ಮ ಪರವಾಗಿ ಅಂಗಡಿಯವರು ತೀರ್ಮಾನಿಸುತ್ತಾರೆ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಜೋಡಿಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಬಹಳ ದುಬಾರಿ ಪ್ರೊಸೆಸರ್ ಹಾಕಿ ಹಳೆಯ ಕಾರ್ಡು ಜೋಡಿಸಿದರೆ ಕೊಟ್ಟ ದುಡ್ಡು ಸುಮ್ಮನೆ ಕೂತಿರುತ್ತದೆ. ಆಟಕ್ಕಾಗಿಯೇ ಕಟ್ಟುವ ಯಂತ್ರದಲ್ಲಿ ಒಟ್ಟು ಹಣದ ಮೂರನೇ ಒಂದು ಪಾಲು, ಸಾಧ್ಯವಾದರೆ ಇನ್ನೂ ಸ್ವಲ್ಪ ಹೆಚ್ಚು, ಗ್ರಾಫಿಕ್ಸ್ ಕಾರ್ಡಿಗೆ ಹೋಗಲಿ. 2022ರಲ್ಲಿ ಬಂದ ಎಎಂಡಿ ರೈಜೆನ್ 5 5600ರಲ್ಲಿ ಆರು ಕೋರ್ ಇವೆ, ತಂಪು ಮಾಡುವ ಫ್ಯಾನೂ ಪೆಟ್ಟಿಗೆಯಲ್ಲೇ ಬರುತ್ತದೆ. ಅದೇ ವರ್ಷದ ಇಂಟೆಲ್ ಕೋರ್ ಐ3-12100ಎಫ್‌ನಲ್ಲಿ ನಾಲ್ಕು ಕೋರ್. 8 ಜಿಬಿ ಮೆಮೊರಿಯ ರೇಡಿಯಾನ್ ಆರ್‌ಎಕ್ಸ್ 6600ರಂಥ ಕಾರ್ಡಿಗೆ ಇವೆರಡೂ ಸರಿಜೋಡಿ. ಇಂಟೆಲ್ ಹೆಸರಿನ ಕೊನೆಯಲ್ಲಿ ‘ಎಫ್’ ಇದ್ದರೆ ಆ ಚಿಪ್ಪಿನೊಳಗೆ ಚಿತ್ರ ಮೂಡಿಸುವ ಭಾಗವಿಲ್ಲ ಎಂದರ್ಥ. ಕಾರ್ಡಿಲ್ಲದೆ ಅದರಿಂದ ಪರದೆ ಬೆಳಗುವುದಿಲ್ಲ. ಕಾರ್ಡನ್ನು ಮುಂದಿನ ವರ್ಷ ಕೊಳ್ಳೋಣ ಎನ್ನುವವರಿಗೆ ರೈಜೆನ್ 5 5600ಜಿ ಥರದ, ಒಳಗೇ ಗ್ರಾಫಿಕ್ಸ್ ಇರುವ ಚಿಪ್ಪು ಒಳ್ಳೆಯದು. ಅದಕ್ಕೆ 16 ಜಿಬಿಯ ಒಂದೇ ರ‍್ಯಾಮ್ ಹಾಕಬೇಡಿ, 8 ಜಿಬಿಯ ಎರಡು ಹಾಕಿ. ಆ ಗ್ರಾಫಿಕ್ಸಿಗೆ ಬೇರೆ ಮೆಮೊರಿ ಇಲ್ಲ, ರ‍್ಯಾಮನ್ನೇ ಬಳಸುತ್ತದೆ. ಎರಡು ದಾರಿಯಲ್ಲಿ ಮಾಹಿತಿ ಹರಿದರೆ ಅದೇ ಚಿಪ್ಪು ಎದ್ದು ಕಾಣುವಷ್ಟು ಚೆನ್ನಾಗಿ ಓಡುತ್ತದೆ.

ಮದರ್‌ಬೋರ್ಡ್ ಆರಿಸುವಾಗ ಅದರಲ್ಲಿ ಪ್ರೊಸೆಸರ್ ಕೂರುವ ಸಾಕೆಟ್ ಎಷ್ಟು ಕಾಲ ನಡೆಯುತ್ತದೆ ಎಂದು ವಿಚಾರಿಸಿ. 2017ರಲ್ಲಿ ಮೊದಲ ರೈಜೆನ್‌ಗಾಗಿ ಎಎಂ4 ಸಾಕೆಟ್ಟಿನ ಬೋರ್ಡು ಕೊಂಡವರಲ್ಲಿ ಅನೇಕರು, ಬಯೋಸ್ ನವೀಕರಿಸಿಕೊಂಡು, ವರ್ಷಗಳ ನಂತರ 5000 ಸರಣಿಯ ಚಿಪ್ಪನ್ನು ಅದೇ ಬೋರ್ಡಿನಲ್ಲಿ ಕೂರಿಸಿದರು. ಒಂದೇ ಸಲ ಎಲ್ಲ ಕೊಳ್ಳಲಾಗದ ಮನೆಗಳಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೊಂದಿಲ್ಲ.

ಇನ್ನು, ದಯವಿಟ್ಟು ಎಲ್ಲರೂ ಗಮನವಿಟ್ಟು ಕೇಳಬೇಕಾದ ವಿಷಯ, ಯಂತ್ರಕ್ಕೆ ವಿದ್ಯುತ್ ಹಂಚುವ ಪೆಟ್ಟಿಗೆಯಾದ ಎಸ್‌ಎಂಪಿಎಸ್. ದೀಪ ಬೆಳಗುವ ಮೊದಲು ಮಳಿಗೆಗಳನ್ನು ಸುತ್ತುತ್ತಿದ್ದಾಗ ಎರಡನೇ ವರ್ಷದ ವಿದ್ಯಾರ್ಥಿನಿಯೊಬ್ಬಳು ಕ್ಯಾಬಿನೆಟ್ ಜೊತೆ ಬರುವ ಅಗ್ಗದ ಎಸ್‌ಎಂಪಿಎಸ್ ಒಂದನ್ನು ಕೈಗೆ ಕೊಟ್ಟು, ‘ಸರ್, ದೊಡ್ಡ ಅಕ್ಷರ ಬಿಡಿ, ಚೀಟಿ ಓದಿ’ ಎಂದಳು. ದೊಡ್ಡ ಅಕ್ಷರದಲ್ಲಿ 450 ವ್ಯಾಟ್ ಎಂದಿತ್ತು. ಚೀಟಿಯಲ್ಲಿ 12 ವೋಲ್ಟ್ ಸಾಲಿನ ಎದುರು 15 ಆಂಪಿಯರ್ ಎಂದಿತ್ತು. ಗುಣಿಸಿದರೆ 180 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು ಈ 12 ವೋಲ್ಟ್ ಸಾಲಿನಿಂದಲೇ. ಆರ್‌ಎಕ್ಸ್ 6600ಕ್ಕೆ 132 ವ್ಯಾಟ್, ರೈಜೆನ್ 5 5600ಕ್ಕೆ ಭಾರ ಬಿದ್ದಾಗ 76 ವ್ಯಾಟ್, ಕೂಡಿದರೆ 208. ಆಟ ಜೋರಾಗುವ ಹೊತ್ತಿಗೆ ಯಂತ್ರ ಆರುತ್ತದೆ. ಅದೃಷ್ಟ ಕೆಟ್ಟಿದ್ದರೆ ಬೋರ್ಡನ್ನೂ ಸುಟ್ಟುಕೊಂಡು ಆರುತ್ತದೆ. ಆ ಹುಡುಗಿ ಒಂದು ಚೀಟಿ, ಒಂದು ಗುಣಾಕಾರ ಇಟ್ಟುಕೊಂಡು ಇಡೀ ಪಾಠ ಮಾಡಿಬಿಟ್ಟಳು. ಆಕೆಗೆ ನನ್ನ ಅಭಿನಂದನೆ.

80 ಪ್ಲಸ್ ಗುರುತು ಇರುವುದನ್ನೇ ಕೊಳ್ಳಿ. ಆದರೆ ಅದು ವಿದ್ಯುತ್ತು ಎಷ್ಟು ಪೋಲಾಗುತ್ತದೆ ಎಂಬುದರ ಅಳತೆ ಮಾತ್ರ, ರಕ್ಷಣೆಯ ಭರವಸೆಯಲ್ಲ ಎಂಬುದೂ ನೆನಪಿರಲಿ. ಒಳ್ಳೆಯ ಕಂಪನಿಯ ಹೆಸರು, ಹೆಚ್ಚು ವರ್ಷದ ವಾರಂಟಿ ಎರಡನ್ನೂ ನೋಡಿ. ಬೇಸಿಗೆಯಲ್ಲಿ ವೋಲ್ಟೇಜ್ ಏರಿಳಿಯುವ ನಮ್ಮ ಊರುಗಳಲ್ಲಿ ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸುವುದೂ ಈ ಬಜೆಟ್ಟಿನದೇ ಭಾಗ. ಬಣ್ಣದ ದೀಪ, ಗಾಜಿನ ಕ್ಯಾಬಿನೆಟ್, ನೀರಿನ ಕೂಲರ್, ಇವಕ್ಕೆ ಹೋಗುವ ದುಡ್ಡನ್ನು ಎಸ್‌ಎಂಪಿಎಸ್‌ಗೆ ಕೊಡಿ.

ಕೈಲಿ ಇನ್ನೂ ಕಡಿಮೆ ಇದ್ದರೆ? ಅದಕ್ಕೂ ಒಂದು ದಾರಿಯನ್ನು ಮೂಲೆಯ ಮಳಿಗೆಯಲ್ಲಿ ತೋರಿಸಿದ್ದಾರೆ. ಕಂಪನಿಗಳು ತಮ್ಮ ಕಚೇರಿಯ ಹಳೆಯ ಕಂಪ್ಯೂಟರುಗಳನ್ನು ಸಗಟಾಗಿ ಮಾರುತ್ತವೆ. ಅಂಥ ಒಂದನ್ನು ಕೊಂಡು, ರ‍್ಯಾಮ್ ಎರಡು ಮಾಡಿ, ಎಸ್‌ಎಸ್‌ಡಿ ಹಾಕಿ, ಬೇರೆ ವಿದ್ಯುತ್ ತಂತಿ ಬೇಡದ ಕಾರ್ಡು ಕೂರಿಸಿದರೆ ಸಾಕು. ಮದರ್‌ಬೋರ್ಡಿನ ಸ್ಲಾಟ್ ತಾನೇ 75 ವ್ಯಾಟ್ ಕೊಡಬಲ್ಲದು. ಜಿಫೋರ್ಸ್ ಆರ್‌ಟಿಎಕ್ಸ್ 3050ರ 6 ಜಿಬಿ ಕಾರ್ಡು 70 ವ್ಯಾಟಿನಲ್ಲೇ ಮುಗಿಸುತ್ತದೆ. ಕಚೇರಿ ಯಂತ್ರದ ಕ್ಯಾಬಿನೆಟ್ ತೆಳ್ಳಗಿದ್ದರೆ ಕುಳ್ಳಗಿನ ಕಾರ್ಡೇ ಬೇಕು, ಅಳೆದು ಕೊಳ್ಳಿ. ಇಂಟೆಲ್ ಆದರೆ ಎಂಟನೇ ಪೀಳಿಗೆಯದೋ ಅದರ ನಂತರದ್ದೋ ನೋಡಿ ತನ್ನಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಎಂಟನೇ ಪೀಳಿಗೆಗಿಂತ ಹಳೆಯ ಬಹುತೇಕ ಇಂಟೆಲ್ ಚಿಪ್ಪುಗಳನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ಲಿನಕ್ಸ್ ಹಾಕಿಕೊಂಡರೆ ಲೈಸೆನ್ಸಿನ ಖರ್ಚೇ ಇಲ್ಲ. 2018ರಲ್ಲಿ ವಾಲ್ವ್ ಕಂಪನಿ ಪ್ರೋಟಾನ್ ಎಂಬ ತಂತ್ರಾಂಶ ತಂದ ಮೇಲೆ ವಿಂಡೋಸಿನ ಸಾವಿರಾರು ಆಟಗಳು ಲಿನಕ್ಸಿನಲ್ಲೂ ಓಡುತ್ತಿವೆ. ವ್ಯಾಲೊರಂಟ್ ಮಾತ್ರ ಓಡುವುದಿಲ್ಲ, ಅದನ್ನು ಆಡುವವರಿಗೆ ವಿಂಡೋಸೇ ಗತಿ.

ಬೆಂಗಳೂರಿನ ಎಸ್.ಪಿ. ರಸ್ತೆಗೆ, ಅಂದರೆ ಸದರ್ ಪತ್ರಪ್ಪ ರಸ್ತೆಗೆ, ಹೋಗುವ ಮಕ್ಕಳಿಗೆ ಒಂದೆರಡು ಕಿವಿಮಾತು. ಮಾದರಿ ಸಂಖ್ಯೆ ಸಮೇತ ಭಾಗಗಳ ಪಟ್ಟಿ ಬರೆದುಕೊಂಡು ಹೋಗಿ, ಮೂರು ನಾಲ್ಕು ಅಂಗಡಿಗಳಲ್ಲಿ ಕೊಟೇಶನ್ ಪಡೆಯಿರಿ. ‘ಬಿಲ್ ಬೇಡ ಅಂದರೆ ಕಡಿಮೆ ಮಾಡ್ತೀನಿ’ ಎಂಬ ಮಾತಿಗೆ ಮರುಳಾಗಬೇಡಿ. ಶೇಕಡಾ 18 ಜಿಎಸ್‌ಟಿ ಕೊಟ್ಟು ಪಡೆದ, ಸೀರಿಯಲ್ ಸಂಖ್ಯೆ ಇರುವ ಬಿಲ್ಲು ನಾಳೆ ವಾರಂಟಿಗೆ ನಿಮ್ಮ ಕೈಲಿರುವ ಪುರಾವೆ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿ ರ‍್ಯಾಮ್ ಬೆಲೆ ಜಿಗಿಯಿತು. ಆದ್ದರಿಂದ ಪಟ್ಟಿಯ ಬೆಲೆಗಳನ್ನು ಕೊಳ್ಳುವ ವಾರದಲ್ಲೇ ಮತ್ತೆ ನೋಡಿ. ಸೆಕೆಂಡ್ ಹ್ಯಾಂಡ್ ರ‍್ಯಾಮಿಗೆ ಹೆದರಬೇಕಿಲ್ಲ, ಪರೀಕ್ಷಿಸಿ ತರಬಹುದು. ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ ಎಚ್ಚರ ಬೇಕು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಕ್ರಿಪ್ಟೋ ನಾಣ್ಯಕ್ಕಾಗಿ ಗ್ರಾಫಿಕ್ಸ್ ಕಾರ್ಡುಗಳಿಂದ ಮಾಡುತ್ತಿದ್ದ ಗಣಿಗಾರಿಕೆ ನಿಂತ ಮೇಲೆ, ಹಗಲುರಾತ್ರಿ ಓಡಿದ ಕಾರ್ಡುಗಳು ರಾಶಿರಾಶಿಯಾಗಿ ಮಾರುಕಟ್ಟೆಗೆ ಬಂದವು. ಭಾರದ ಆಟವೊಂದನ್ನು ಅರ್ಧ ಗಂಟೆ ಓಡಿಸಿ, ಬಿಸಿ ಎಷ್ಟೇರುತ್ತದೆ, ಫ್ಯಾನಿನ ಸದ್ದು ಹೇಗಿದೆ ನೋಡಿಯೇ ದುಡ್ಡು ಕೊಡಿ.

ತಂದೆತಾಯಂದಿರಿಗೆ ಒಂದು ಮಾತು. ಆಟ ಎಂದ ಕೂಡಲೇ ನಿಮಗೆ ದುಡ್ಡು ಕಟ್ಟಿ ಆಡುವ ಆಪ್‌ಗಳು ನೆನಪಾಗುವುದು, ಭಯವಾಗುವುದು ಸಹಜ. ಎಷ್ಟೋ ಮನೆಗಳನ್ನು ಅವು ಹಾಳು ಮಾಡಿವೆ. 2025ರಲ್ಲಿ ಸಂಸತ್ತು ಮಾಡಿದ ಕಾನೂನು ಅಂಥ ಹಣದ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಯನ್ನು ಅವುಗಳಿಂದ ಬೇರೆಯಾಗಿ ಗುರುತಿಸಿದೆ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಕ್ರೀಡೆಗೂ ಪದಕಗಳಿದ್ದವು. ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆಂದೇ 2012ರಲ್ಲಿ ನೀತಿ ರೂಪಿಸಿದ ಮೊದಲ ರಾಜ್ಯ ನಮ್ಮ ಕರ್ನಾಟಕ. ನಿಮ್ಮ ಮಗ ಆಟ ಆಡುವ ಯಂತ್ರದಲ್ಲೇ ನಿಮ್ಮ ಮಗಳು ಬ್ಲೆಂಡರ್ ತೆರೆದು ಮೂರು ಆಯಾಮದ ಚಿತ್ರ ಕಟ್ಟಬಹುದು, ಗೊಡಾಟ್ ಬಳಸಿ ತಾನೇ ಒಂದು ಆಟ ಬರೆಯಬಹುದು. ಎರಡೂ ಉಚಿತ ತಂತ್ರಾಂಶಗಳು. ಆಟಕ್ಕೆ ಹೊತ್ತು ಗೊತ್ತು ಇರಲಿ, ಅದನ್ನು ಮನೆಯವರೆಲ್ಲ ಕೂತು ನಿಗದಿ ಮಾಡಿ. ಆದರೆ ಯಂತ್ರವನ್ನು ಮಕ್ಕಳೇ ಕಟ್ಟಲಿ. ತನ್ನ ಕೈಯಾರೆ ಕಟ್ಟಿದ ಯಂತ್ರ ಕೆಟ್ಟರೆ ಅದನ್ನು ಬಿಚ್ಚಲು ಮಗುವಿಗೆ ಹೆದರಿಕೆ ಇರುವುದಿಲ್ಲ. ಆ ಧೈರ್ಯ ಮುಂದೆ ಅನ್ನ ಕೊಡುತ್ತದೆ.

ವಿದ್ಯಾರ್ಥಿ ಮಿತ್ರರೇ, ಇಂದು ನಿಮ್ಮ ಮಳಿಗೆಗೆ ಬರುವವರಲ್ಲಿ ಸ್ಕ್ರೂಡ್ರೈವರ್ ಹಿಡಿಯದವರೂ ಇರುತ್ತಾರೆ. ಅವರಿಗೆ ಬರೀ ತೋರಿಸಬೇಡಿ, ಕೈಗೆ ಕೊಡಿ. ರ‍್ಯಾಮ್ ‘ಟಕ್’ ಎಂದು ಕೂರುವವರೆಗೆ ಅವರೇ ಒತ್ತಲಿ. ಮಾನಿಟರಿನ ಕೇಬಲ್ಲನ್ನು ಮದರ್‌ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸಬೇಕೆಂದು ಅವರೇ ಸಿಕ್ಕಿಸಿ ಕಲಿಯಲಿ. ಪ್ರತಿಯೊಬ್ಬರ ಕೈಗೂ ಅವರವರ ಬಜೆಟ್ಟಿಗೆ ಹೊಂದುವ ಒಂದು ಪಟ್ಟಿ ಬರೆದುಕೊಟ್ಟು ಕಳಿಸಿ. ಅಂಥ ಪಟ್ಟಿಗಳಿಂದ ಈ ಊರಿನಲ್ಲಿ ಮುಂದಿನ ವರ್ಷದೊಳಗೆ ಹತ್ತಾರು ಯಂತ್ರಗಳು ಎದ್ದು ನಿಂತರೆ ನಿಮ್ಮ ಶ್ರಮ ಸಾರ್ಥಕ.

ಈ ಪ್ರದರ್ಶನ ಉದ್ಘಾಟನೆಗೊಂಡಿದೆ ಎಂದು ಹೆಮ್ಮೆಯಿಂದ ಘೋಷಿಸುತ್ತೇನೆ. ಎಲ್ಲರೂ ಮಳಿಗೆಗಳಿಗೆ ಹೋಗಿ, ಧಾರಾಳವಾಗಿ ಪ್ರಶ್ನೆ ಕೇಳಿ.